ಒಂದು ಕಾಲೆತ್ತಿ ಮರಗಟ್ಟಿ ನಿಲ್ಲುವ ನಾಯಿಗೆ ಏನಾಗಿದೆ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮನೆಯ ಹಿಂದೆ ಗೇರುಗುಡ್ಡೆ. ಮಗ ಮಂಗಳೂರಿನಿಂದ ಒಂದು ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಗಂಡು ಮರಿ ತಂದುಕೊಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ. ಮರಿಗೆ ಈಗ ಎಂಟು ತಿಂಗಳು. ತುಂಬಾ ಪ್ರೀತಿಯ ನಾಯಿ. ಆದರೆ ತೋಟದಲ್ಲಿ ನಡೆಯುತ್ತಿದ್ದ ಹಾಗೆ ಇದ್ದಕ್ಕಿದ್ದಂತೆ ಮುಂದಿನ ಒಂದು ಕಾಲೆತ್ತಿ ಮರಗಟ್ಟಿ ನಿಲ್ಲುತ್ತದೆ. ಕರೆದರೆ ಕೇಳಿಸುವುದೇ ಇಲ್ಲ. ಮೈ ಸಣ್ಣಗೆ ನಡುಗುತ್ತದೆ. ಒಂದೆರಡು ನಿಮಿಷ ಹೀಗೇ ಇರುತ್ತದೆ. ಮನೆಯವಳು ಇದು ಫಿಟ್ಸ್ ಅನ್ನುತ್ತಾಳೆ. ಕಳೆದ ತಿಂಗಳು ಪಕ್ಕದ ಮನೆಯ ಎರಡು ಹೇಂಟೆಗಳನ್ನು ಕೊಂದುಹಾಕಿತು. ಸತ್ತ ಕೋಳಿಯನ್ನೇ ಅದರ ಕುತ್ತಿಗೆಗೆ ಕಟ್ಟಿದರೆ ಬುದ್ಧಿ ಬರುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು, "ಇದು ಬೇಟೆನಾಯಿ ಮಾರಾಯ್ರೇ, ಬೇಟೆಗೆ ಬಿಡದಿದ್ದರೆ ತಲೆ ಕೆಡ್ತದೆ. ಹಂದಿ ಓಡಿಸಲಿಕ್ಕೆ ನಮ್ಮೊಟ್ಟಿಗೆ ಕಳಿಸಿ" ಅನ್ನುತ್ತಿದ್ದಾರೆ. ಹಂದಿ ಕಾಟ ನಮಗೂ ಇದೆ. ಏನು ಮಾಡಲಿ? ಯಾರಿಗಾದರೂ ಕೊಟ್ಟುಬಿಡುವುದೇ ಒಳ್ಳೆಯದಾ?

ಉತ್ತರ: ಮೊದಲು ಮನೆಯವರಿಗೆ ಧೈರ್ಯ ಹೇಳಿ. ನೀವು ಬರೆದಿರುವ ಲಕ್ಷಣ ಫಿಟ್ಸ್‌ನದ್ದಲ್ಲ. ನಿಮ್ಮ ಮರಿ ತನ್ನ ತಳಿಯ ಕೆಲಸ ಮಾಡುತ್ತಿದೆ. ಎಲ್ಲೋ ಸೋಗೆಯ ಅಡಿಯಲ್ಲಿ, ಹುಲ್ಲಿನ ಬುಡದಲ್ಲಿ ಕೂತ ಹಕ್ಕಿಯ ವಾಸನೆ ಅದಕ್ಕೆ ಸಿಕ್ಕಿದೆ, "ಇಲ್ಲಿದೆ ನೋಡಿ" ಎಂದು ತೋರಿಸುತ್ತಿದೆ. ಇದಕ್ಕೇ ಪಾಯಿಂಟ್ ಮಾಡುವುದು ಎನ್ನುವುದು. ಪಾಯಿಂಟರ್ ಎಂಬ ಹೆಸರು ಬಂದದ್ದೂ ಇದರಿಂದಲೇ.

ಆದರೂ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು. ಫಿಟ್ಸ್ ಬಂದ ನಾಯಿ ಸಾಮಾನ್ಯವಾಗಿ ಅಡ್ಡ ಬೀಳುತ್ತದೆ, ಕಾಲು ಬಡಿಯುತ್ತದೆ. ಬಾಯಲ್ಲಿ ಜೊಲ್ಲು ಬರುತ್ತದೆ. ಅರಿವಿಲ್ಲದೆ ಮೂತ್ರ ಹೋಗಬಹುದು. ಮುಗಿದ ಮೇಲೂ ಸ್ವಲ್ಪ ಹೊತ್ತು ಮಂಕಾಗಿರುತ್ತದೆ, ಮನೆಯವರ ಗುರುತೇ ಹತ್ತದ ಹಾಗೆ ನೋಡುತ್ತದೆ. ಹೆಚ್ಚಾಗಿ ನಿದ್ದೆಯಲ್ಲೋ ಸುಮ್ನೆ ಮಲಗಿರುವಾಗಲೋ ಬರುತ್ತದೆ. ಪಾಯಿಂಟ್ ಮಾಡುವ ನಾಯಿ ಹಾಗಲ್ಲ. ನಿಂತ ಕಾಲುಗಳ ಮೇಲೆ ಗಟ್ಟಿಯಾಗಿರುತ್ತದೆ. ಮೂಗಿನ ಹೊಳ್ಳೆ ಆಡುತ್ತಾ ಇರುತ್ತದೆ. ಗಾಳಿ ಬರುವ ಕಡೆಗೆ ಮುಖ, ಬಾಲ ನೇರ. ಆ ನಡುಕ ಕಾಯಿಲೆಯದ್ದಲ್ಲ, ತಡೆದು ನಿಂತ ಉತ್ಸಾಹದ್ದು. ಹಕ್ಕಿ ಹಾರಿದ ಕೂಡಲೇ ಮೊದಲಿನ ನಾಯಿಯೇ. ಮುಂದಿನ ಸಲ ಅದು ನಿಂತಾಗ ಕರೆಯಬೇಡಿ. ಸುತ್ತು ಹಾಕಿ ಅದರ ಮೂಗಿನ ನೇರಕ್ಕೆ ಹತ್ತಿಪ್ಪತ್ತು ಅಡಿ ಮುಂದೆ ನೋಡಿ. ನೋಡಿಯೇ ಕಾಲಿಡಿ, ಅಲ್ಲಿರುವುದು ಹಾವೂ ಆಗಿರಬಹುದು. ಫೋನಿನಲ್ಲಿ ಒಂದು ವಿಡಿಯೋ ಮಾಡಿ ನಿಮ್ಮ ಹತ್ತಿರದ ಮೃಗಾಸ್ಪತ್ರೆಯಲ್ಲಿ ತೋರಿಸಿ. ಮನೆಯೊಳಗೆ ಖಾಲಿ ಗೋಡೆ ನೋಡಿಕೊಂಡು ನಿಲ್ಲುವುದು, ಇಲ್ಲದ ನೊಣ ಹಿಡಿಯಲು ಗಾಳಿಗೆ ಬಾಯಿ ಹಾಕುವುದು, ಕುಸಿದು ಬೀಳುವುದು ಕಂಡರೆ ಮಾತ್ರ ತಡ ಮಾಡದೆ ಪರೀಕ್ಷೆ ಮಾಡಿಸಿ.

ಈಗ ಈ ನಿಲ್ಲುವಿಕೆ ಎಲ್ಲಿಂದ ಬಂತು ಎಂದು ಸ್ವಲ್ಪ ಹೇಳುತ್ತೇನೆ. ಇದು ಗೊತ್ತಾದರೆ ಕೋಳಿಯ ವಿಷಯವೂ ಹಂದಿಯ ವಿಷಯವೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬೇಟೆಯಾಡುವ ಪ್ರಾಣಿಯ ನಡತೆಯಲ್ಲಿ ಒಂದು ಸರಣಿ ಇದೆ. ಹುಡುಕುವುದು, ದಿಟ್ಟಿಸುವುದು, ಮೆಲ್ಲಗೆ ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ತೋಳದಲ್ಲಿ ಇದು ಇಡಿಯಾಗಿದೆ. ಮನುಷ್ಯರು ನಾಯಿ ತಳಿಗಳನ್ನು ಬೆಳೆಸುವಾಗ ತಮಗೆ ಬೇಕಾದ ಹಂತವನ್ನು ಹಿಗ್ಗಿಸಿದರು, ಬೇಡದ್ದನ್ನು ಕುಗ್ಗಿಸಿದರು. ನಮ್ಮ ಮುಧೋಳ, ತಮಿಳುನಾಡಿನ ಚಿಪ್ಪಿಪಾರೈ ಕಣ್ಣಲ್ಲಿ ಕಂಡದ್ದನ್ನು ಅಟ್ಟುವ ನಾಯಿಗಳು. ಓಟವೇ ಅವುಗಳ ಬಲ. ಪಾಯಿಂಟರ್‌ಗಳಲ್ಲಿ ಹಿಗ್ಗಿದ್ದು ಹೊಂಚುವ ಹಂತ. ಬೆಕ್ಕು ಹಾರುವ ಮೊದಲು ಅರೆಕ್ಷಣ ತಡೆದು ನಿಲ್ಲುತ್ತದಲ್ಲ, ಆ ಅರೆಕ್ಷಣವನ್ನು ತಲೆಮಾರುಗಳ ಕಾಲ ಎಳೆದು ನಿಮಿಷಗಟ್ಟಲೆ ಮಾಡಿದ್ದಾರೆ.

ಯಾಕೆ ಹೀಗೆ ಮಾಡಿದರು? ಯುರೋಪಿನ ಬಯಲಿನಲ್ಲಿ ಅವರಿಗೆ ಬೇಕಾಗಿದ್ದದ್ದು ಗೌಜಲು, ಬುರ್ಲಿಯಂಥ ಹಕ್ಕಿಗಳು. ಅವು ಅಪಾಯ ಕಂಡರೆ ಮೊದಲು ಹಾರುವುದಿಲ್ಲ, ನೆಲಕ್ಕೆ ಅಂಟಿ ಕೂರುತ್ತವೆ. ಕೋವಿ ಬರುವುದಕ್ಕೂ ಮುಂಚೆ ನಾಯಿ ಹಕ್ಕಿ ಕೂತ ಜಾಗ ತೋರಿಸಿ ನೆಲಕ್ಕೆ ಬಗ್ಗುತ್ತಿತ್ತು, ಜನ ಬಲೆ ಎಸೆಯುತ್ತಿದ್ದರು. ಸೆಟರ್ ಎಂಬ ತಳಿಗಳ ಮೂಲ ಅದು. ಆಮೇಲೆ ಕೋವಿ ಬಂತು. ಆಗಿನ ಕೋವಿಗೆ ಮದ್ದು ತುಂಬಿ ಗುರಿ ಹಿಡಿಯಲು ಹೊತ್ತು ಬೇಕು. ನಾಯಿ ದೂರದಿಂದಲೇ ವಾಸನೆ ಹಿಡಿದು, ಹಕ್ಕಿಯನ್ನು ಎಬ್ಬಿಸದೆ, ಮನುಷ್ಯ ಬಂದು ಮುಟ್ಟುವವರೆಗೆ ನಿಂತಿರಬೇಕಾಗಿತ್ತು. ಇಂಗ್ಲಿಷ್ ಪಾಯಿಂಟರ್ ಈ ಕೆಲಸಕ್ಕೆಂದೇ ಬೆಳೆದ ನಾಯಿ. ಇಂಗ್ಲೆಂಡಿನಲ್ಲಿ ಇವುಗಳ ಮೇಲೆ ಎಷ್ಟು ಅಭಿಮಾನ ಎಂದರೆ, 1859ರಲ್ಲಿ ನ್ಯೂಕಾಸಲ್‌ನಲ್ಲಿ ನಡೆದ ಮೊದಲ ಶ್ವಾನ ಪ್ರದರ್ಶನದಲ್ಲಿ ಪಾಯಿಂಟರ್ ಮತ್ತು ಸೆಟರ್‌ಗಳಿಗೆ ಮಾತ್ರ ಪ್ರವೇಶ ಇತ್ತು.

ಜರ್ಮನಿಯವರು 19ನೇ ಶತಮಾನದಲ್ಲಿ ಬೇರೆ ದಾರಿ ಹಿಡಿದರು. ಹಕ್ಕಿ ತೋರಿಸಲು ಒಂದು, ಹೆಕ್ಕಿ ತರಲು ಒಂದು, ಗಾಯಗೊಂಡ ಜಿಂಕೆಯ ಜಾಡು ಹಿಡಿಯಲು ಇನ್ನೊಂದು ಎಂದು ಮೂರು ನಾಯಿ ಸಾಕುವ ಬದಲು ಎಲ್ಲವನ್ನೂ ಮಾಡುವ ಒಂದೇ ನಾಯಿ ಬೇಕೆಂದರು. ನಿಮ್ಮ ಮರಿಯ ತಳಿ ಹುಟ್ಟಿದ್ದು ಹಾಗೆ. ಹಂಗೇರಿಯ ವಿಜ್ಲಾ, ಜರ್ಮನಿಯದೇ ವೈಮರಾನರ್ ಇದೇ ಗುಂಪಿಗೆ ಸೇರಿದವು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಎಲ್ಲ ಕೆಲಸದ ನಾಯಿ ಎಂದಮೇಲೆ ಅದರಲ್ಲಿ ನಿಲ್ಲುವ ಗುಣದ ಜೊತೆಗೆ ಅಟ್ಟುವ, ಹಿಡಿಯುವ ಗುಣವನ್ನೂ ಉಳಿಸಿಕೊಂಡಿದ್ದಾರೆ. ನಿಮ್ಮ ಪಕ್ಕದ ಮನೆಯ ಹೇಂಟೆಗಳ ಕಥೆ ಅಲ್ಲಿದೆ.

ಪಾಯಿಂಟ್ ಮಾಡುವುದನ್ನು ತರಬೇತುದಾರರು ಕಲಿಸುತ್ತಾರೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಸರಿಯಲ್ಲ. ಎರಡು ತಿಂಗಳ ಮರಿಯ ಮುಂದೆ ಕೋಲಿಗೆ ದಾರ ಕಟ್ಟಿ ಗರಿ ಆಡಿಸಿದರೆ ಎಷ್ಟೋ ಮರಿಗಳು ತಾವಾಗಿಯೇ ನಿಲ್ಲುತ್ತವೆ. ಓತಿಕ್ಯಾತ, ಚಿಟ್ಟೆ ನೋಡಿಯೂ ನಿಲ್ಲುತ್ತವೆ. ಅದು ರಕ್ತದಲ್ಲಿ ಬಂದದ್ದು. ತರಬೇತಿಯಲ್ಲಿ ಕಲಿಸುವುದು ಅದರ ನಂತರದ್ದನ್ನು. ಹಕ್ಕಿ ಎದ್ದು ಹಾರಿದರೂ, ಓಡಿದರೂ, ಹೇಳುವವರೆಗೆ ಕದಲಬಾರದು ಎಂಬುದನ್ನು. ನಿಮ್ಮ ಮರಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಅಂಗಳದ ಕೋಳಿ ಬುರ್ಲಿಯ ಹಾಗೆ ಅಡಗಿ ಕೂರುವುದಿಲ್ಲ. ಕೊಕ್ಕೊಕ್ಕೋ ಎಂದು ರೆಕ್ಕೆ ಬಡಿದು ಓಡುತ್ತದೆ. ಓಡಿದ ಕ್ಷಣ ನಿಲ್ಲುವ ಹಂತ ಮುರಿದು ಅಟ್ಟುವ ಹಂತ ಶುರುವಾಯಿತು. ಇದರಲ್ಲಿ ಸಿಟ್ಟಾಗಲಿ ಕೆಟ್ಟತನವಾಗಲಿ ಇಲ್ಲ. ಕೋಳಿ ಕೊಂದ ನಾಯಿ ನಾಳೆ ಮಕ್ಕಳನ್ನು ಕಚ್ಚುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಈ ತಳಿ ಮನೆಯವರಿಗೆ ಬಹಳ ಅಂಟಿಕೊಳ್ಳುವಂಥದ್ದು.

ಸತ್ತ ಕೋಳಿಯನ್ನು ಕುತ್ತಿಗೆಗೆ ಕಟ್ಟುವುದನ್ನು ದಯವಿಟ್ಟು ಮಾಡಬೇಡಿ. ಕೊಂದ ಕ್ಷಣಕ್ಕೂ ಕುತ್ತಿಗೆಯಲ್ಲಿ ಕೊಳೆಯುವ ಕೋಳಿಗೂ ನಾಯಿಯ ತಲೆಯಲ್ಲಿ ಸಂಬಂಧವೇ ಕೂಡುವುದಿಲ್ಲ. ನಮ್ಮ ಸೆಕೆಗೆ ಮರುದಿನವೇ ನೊಣ ಕೂತು ಹುಳ ಆಗುತ್ತದೆ. ನಾಯಿಯ ಚರ್ಮಕ್ಕೂ ಹುಣ್ಣು ಹಿಡಿಯುತ್ತದೆ. ಹೊಡೆದರೆ ಅದು ಕಲಿಯುವ ಪಾಠ ಒಂದೇ: ಕೋಳಿ ಹಿಡಿದಾಗ ಯಜಮಾನರ ಹತ್ತಿರ ಹೋಗಬಾರದು. ಆಮೇಲೆ ಕರೆದರೆ ಬರುವುದೇ ಇಲ್ಲ. ಆನ್‌ಲೈನ್‌ನಲ್ಲಿ ಸಿಗುವ ಕರೆಂಟ್ ಹೊಡೆಯುವ ಬೆಲ್ಟ್ ಇನ್ನೂ ಅಪಾಯ. ನೋವು ಆದ ಕ್ಷಣದಲ್ಲಿ ಎದುರಿಗೆ ಏನಿತ್ತೋ ಅದರ ಮೇಲೆ ಭಯ ಕೂರುತ್ತದೆ. ಎದುರಿಗೆ ಪಕ್ಕದ ಮನೆಯ ಮಗು ಇದ್ದರೆ ಮಗುವಿನ ಮೇಲೆ. ಕೈ ತಪ್ಪಿದ ಶಿಕ್ಷೆಯಿಂದ ಹಕ್ಕಿಯ ವಾಸನೆ ಬಂದರೆ ಬಾಲ ಮಡಚಿ ಬೇರೆ ಕಡೆ ಹೋಗುವಂತಾದ ಪಾಯಿಂಟರ್‌ಗಳಿವೆ. ಅದನ್ನು ಸರಿ ಮಾಡುವುದು ಬಹಳ ಕಷ್ಟ. ಬೀಜ ತೆಗೆಸಿದರೆ ಈ ಗುಣ ಹೋಗುತ್ತದಾ ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಹೆಣ್ಣು ಹುಡುಕಿಕೊಂಡು ಅಲೆಯುವುದು ಕಡಿಮೆಯಾಗಬಹುದು, ಅಷ್ಟೇ.

ಮಾಡಬೇಕಾದದ್ದು ಸರಳ, ಆದರೆ ತಾಳ್ಮೆ ಬೇಕು. ಮೊದಲು ಪಕ್ಕದ ಮನೆಯವರಿಗೆ ಕೋಳಿಯ ಹಣ ಕೊಡಿ. ಊರಿನಲ್ಲಿ ನಾಯಿ ಉಳಿಯಬೇಕಾದರೆ ನೆರೆಯವರ ಮನಸ್ಸು ಮುಖ್ಯ. ಮೂವತ್ತು ಅಡಿಯ ಗಟ್ಟಿ ಹಗ್ಗ ತೆಗೆದುಕೊಳ್ಳಿ. ಹೊರಗೆ ಹೋಗುವಾಗಲೆಲ್ಲ ಅದು ನಾಯಿಯ ಬೆಲ್ಟಿನಲ್ಲಿರಲಿ. ಅನ್ನದ ತಟ್ಟೆ ಇಡುವಾಗ "ನಿಲ್ಲು" ಎಂಬ ಒಂದೇ ಮಾತು ಅಭ್ಯಾಸ ಮಾಡಿಸಿ. ನಿಂತರೆ ಮಾತ್ರ ಊಟ. ಅದು ಗಟ್ಟಿಯಾದ ಮೇಲೆ ಅಂಗಳದಲ್ಲಿ, ಆಮೇಲೆ ತೋಟದಲ್ಲಿ, ಕೊನೆಗೆ ಕೋಳಿ ದೂರದಲ್ಲಿ ಕಾಣುವ ಕಡೆ. ಕೋಳಿ ನೋಡಿ ನಿಂತು, ತಿರುಗಿ ನಿಮ್ಮ ಮುಖ ನೋಡಿತು ಎಂದರೆ ಒಂದು ತುಂಡು ಬೇಯಿಸಿದ ಮಾಂಸ ಕೊಡಿ. ಅಷ್ಟು ದೂರದಲ್ಲಿ ಶಾಂತವಾಗಿದ್ದರೆ ಮಾತ್ರ ಇನ್ನಷ್ಟು ಹತ್ತಿರ. ತಿಂಗಳುಗಳೇ ಹಿಡಿಯಬಹುದು. ಎಷ್ಟು ಕಲಿತರೂ ಬಿಟ್ಟ ಕೋಳಿಗಳ ನಡುವೆ ಇದನ್ನು ಒಂಟಿಯಾಗಿ ಬಿಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು "ಬೇಟೆಗೆ ಬಿಡದಿದ್ದರೆ ತಲೆ ಕೆಡುತ್ತದೆ" ಎಂಬ ಮಾತು. ಇದರಲ್ಲಿ ಅರ್ಧ ನಿಜ ಇದೆ. ದಿನವಿಡೀ ಸಂಕೋಲೆಯಲ್ಲಿ ಕಟ್ಟಿದರೆ ಈ ತಳಿ ನಿಜಕ್ಕೂ ಕೆಡುತ್ತದೆ. ಸುತ್ತಿದಲ್ಲೇ ಸುತ್ತುತ್ತದೆ, ಮುಂಗಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ, ರಾತ್ರಿ ಪೂರಾ ಬೊಗಳುತ್ತದೆ. ಇಂಥ ನಾಯಿಗಳನ್ನು ನನ್ನ ಹತ್ತಿರ ತರುವವರು ಮದ್ದು ಕೇಳುತ್ತಾರೆ. ನಾನು ಹೇಳುವ ಮದ್ದು ನಡಿಗೆ. ಸುಳ್ಳಾದ ಅರ್ಧ ಯಾವುದೆಂದರೆ, ಇದಕ್ಕೆ ಕೊಲ್ಲುವುದು ಬೇಕು ಎಂಬುದು. ಪಾಯಿಂಟರ್‌ನ ಸುಖ ಇರುವುದು ಹುಡುಕುವುದರಲ್ಲಿ, ಕಂಡುಹಿಡಿಯುವುದರಲ್ಲಿ. ನ್ಯೂಜಿಲೆಂಡಿನಲ್ಲಿ 1890ರ ದಶಕದಲ್ಲಿ ರಿಚರ್ಡ್ ಹೆನ್ರಿ ಎಂಬವರು ಹಾರಲಾಗದ ಕಾಕಾಪೋ ಗಿಳಿಗಳನ್ನು ಉಳಿಸಲು ಹೊರಟಾಗ ಬಾಯಿಗೆ ಕುಕ್ಕೆ ಹಾಕಿದ ನಾಯಿಯಿಂದಲೇ ಅವುಗಳನ್ನು ಹುಡುಕಿಸಿ ಸುರಕ್ಷಿತ ದ್ವೀಪಕ್ಕೆ ಸಾಗಿಸಿದರು. ಇವತ್ತಿಗೂ ಅಲ್ಲಿ ಕಿವಿ ಹಕ್ಕಿಗಳನ್ನು ಹುಡುಕಲು ತರಬೇತಾದ ನಾಯಿಗಳಿವೆ. ಬ್ರಿಟನ್ನಿನ ಗುಡ್ಡಗಳಲ್ಲಿ ಹಕ್ಕಿಗಳ ಲೆಕ್ಕ ಹಾಕಲು ಪಾಯಿಂಟರ್‌ಗಳನ್ನು ಒಯ್ಯುತ್ತಾರೆ. ಒಂದು ಹಕ್ಕಿಯೂ ಸಾಯುವುದಿಲ್ಲ. ನಾಯಿ ಖುಷಿಯಾಗಿಯೇ ಕೆಲಸ ಮಾಡುತ್ತದೆ.

ನೀವೂ ಹೀಗೇ ಮಾಡಬಹುದು. ದಿನಕ್ಕೆ ಎರಡು ಹೊತ್ತು, ಒಟ್ಟು ಎರಡು ಗಂಟೆಯಷ್ಟು ಓಡಾಟ ಬೇಕು. ವರ್ಷ ತುಂಬಿ ಮೂಳೆ ಬಲಿಯುವವರೆಗೆ ಬೈಕಿನ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಕಾಲಿನ ಗಿಣ್ಣು ಹಾಳಾಗುತ್ತದೆ. ನಡಿಗೆಗಿಂತಲೂ ಅದನ್ನು ಜಾಸ್ತಿ ದಣಿಸುವುದು ಮೂಗಿನ ಕೆಲಸ. ಕೋಳಿಗರಿಯ ಒಂದು ಕಟ್ಟನ್ನು ಅಡಿಕೆ ಹಾಳೆಯ ಅಡಿಯಲ್ಲಿ, ಕಟ್ಟಪುಣಿಯ (ಗದ್ದೆಯ ಬದುವಿನ) ಹುಲ್ಲಿನಲ್ಲಿ, ಪಂಪ್‌ಶೆಡ್ಡಿನ ಹಿಂದೆ ಅಡಗಿಸಿಡಿ. ಗಾಳಿಗೆ ಎದುರಾಗಿ ನಾಯಿಯನ್ನು ತನ್ನಿ. ಅದು ನಿಂತ ಕೂಡಲೇ ಹತ್ತಿರ ಹೋಗಿ ಹೊಗಳಿ. ಅಡಿಕೆ ತೋಟದಲ್ಲಿ ಬೆಳಗ್ಗೆ ತಂಪಿನ ಹೊತ್ತು ವಾಸನೆ ನೆಲದ ಹತ್ತಿರ ಚೆನ್ನಾಗಿ ನಿಲ್ಲುತ್ತದೆ. ಮಧ್ಯಾಹ್ನ ಮುರಕಲ್ಲಿನ ಪಾರೆ ಕಾದಮೇಲೆ ನಾಯಿಗೂ ಕಷ್ಟ, ವಾಸನೆಯೂ ಚದುರುತ್ತದೆ.

ಒಂದು ವಿಷಯ ಗಮನಿಸಿರಬಹುದು. ಕೆಲವು ಸಲ ನಿಮ್ಮ ಮರಿ ನಿಂತು, ಎರಡು ಹೆಜ್ಜೆ ತೆವಳಿ, ಮತ್ತೆ ನಿಂತು, ಗಲಿಬಿಲಿಯಾಗಿ ನಿಮ್ಮ ಕಡೆ ನೋಡುತ್ತದೆ. ಮುಂದೆ ಇರುವುದು ಕಾಡುಕೋಳಿಯೋ ನವಿಲೋ ಆದಾಗ ಹೀಗಾಗುತ್ತದೆ. ಅವು ಬುರ್ಲಿಯ ಹಾಗೆ ಕೂರುವುದಿಲ್ಲ, ಪೊದೆಯೊಳಗೆ ಓಡಿ ತಪ್ಪಿಸಿಕೊಳ್ಳುತ್ತವೆ. ಬಯಲಿನ ಹಕ್ಕಿಗೆಂದು ಬೆಳೆದ ನಾಯಿಗೆ ನಮ್ಮ ಗೇರುಗುಡ್ಡೆಯ ಹಕ್ಕಿಗಳ ರೀತಿ ಹೊಸದು.

ಹಂದಿ ಬೇಟೆಗೆ ಕಳಿಸುವ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟ. ಕಳಿಸಬೇಡಿ. ನಮ್ಮ ಕಡೆ ತುಳುವರ ಕೆಡ್ಡಸ ಹಬ್ಬದ ಹೊತ್ತಿಗೆ ಬೋಂಟೆಗೆ, ಅಂದರೆ ಬೇಟೆಗೆ, ಹೋಗುವ ವಾಡಿಕೆ ಇತ್ತು. ಹಿರಿಯರಿಂದ ಆ ಕಥೆಗಳನ್ನು ಕೇಳಿ ಬೆಳೆದವರು ನಾವೆಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಅಟ್ಟಿಸಿಕೊಂಡು ಹೋಗುವುದು, ಸೋವುವುದು, ಉರುಳಿಡುವುದು, ಅದಕ್ಕೆ ಪ್ರಯತ್ನ ಮಾಡುವುದು ಕೂಡ ಬೇಟೆಯೇ. ಹಂದಿ ಸಿಗದೆ ಬರಿಗೈಯಲ್ಲಿ ಬಂದರೂ ಕೇಸ್ ಆಗಬಹುದು. ನಾಯಿಯ ಯಜಮಾನರಾದ ನೀವೂ ಸಿಕ್ಕಿಬೀಳುತ್ತೀರಿ. ದಾರಿಯಲ್ಲಿ ನಾಯಿ ನವಿಲೋ ಉಡವೋ ಹಿಡಿದರಂತೂ ಅವು ಕಾಯ್ದೆಯ ಮೊದಲನೇ ಪಟ್ಟಿಯ ಜೀವಿಗಳು. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು.

ಕಾನೂನು ಬದಿಗಿಡಿ, ನಾಯಿಯ ಜೀವ ನೋಡಿ. ನಿಮ್ಮ ಮರಿ ಪೂರ್ತಿ ಬೆಳೆದರೆ ಸುಮಾರು 30 ಕಿಲೋ ತೂಗುತ್ತದೆ. ಬಲಿತ ಗಂಡು ಹಂದಿ 100 ಕಿಲೋ ಮೀರಬಹುದು. ಹಂದಿ ಬೇಟೆಯ ನಾಯಿಗಳು ಹಿಂಡಾಗಿ ಸುತ್ತುವರಿದು, ಹಾರಿ ತಪ್ಪಿಸಿಕೊಂಡು ಕಾದಾಡುತ್ತವೆ. ತಮಿಳುನಾಡಿನ ಕೊಂಬೈಯಂಥ ನಾಯಿಗಳು ಅದಕ್ಕೇ ಹೆಸರಾದವು, ಅವೂ ಸೀಳಿಸಿಕೊಳ್ಳುತ್ತವೆ. ನಿಮ್ಮದು ಎದುರಿಗೆ ಪ್ರಾಣಿ ಕಂಡರೆ ನಿಂತುಬಿಡುವ ನಾಯಿ. ತೆಳು ಚರ್ಮ, ಗಿಡ್ಡ ಕೂದಲು. ಕೋರೆಯ ಗಾಯ ಹೊರಗೆ ಎರಡು ಇಂಚು ಕಂಡರೂ ಒಳಗೆ ಹೊಟ್ಟೆಯ ಪೊರೆಯವರೆಗೆ ಹೋಗಿರುತ್ತದೆ. ಮೇಲೆ ಹೊಲಿಗೆ ಹಾಕಿಸಿ ಸರಿಯಾಯಿತು ಎಂದುಕೊಂಡ ನಾಯಿಗಳು ಮೂರನೇ ದಿನ ಒಳಗೆ ಕೀವಾಗಿ ಸತ್ತದ್ದನ್ನು ನೋಡಿದ್ದೇನೆ.

ನಿಮ್ಮ ಹಂದಿ ಕಾಟ ಸುಳ್ಳಲ್ಲ, ಅದಕ್ಕೂ ದಾರಿ ಇದೆ. ಬೆಳೆ ಹಾಳು ಮಾಡುವ ಕಾಡುಹಂದಿಗಳನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಪರವಾನಗಿ ಇರುವ ಕೋವಿಯವರೇ ಹೊಡೆಯಬೇಕು. ವಿಷ, ಸಿಡಿಮದ್ದು, ಕರೆಂಟ್ ಬಳಸುವಂತಿಲ್ಲ. ಈಗಿನ ನಿಯಮ ಏನೆಂದು ನಿಮ್ಮ ಪಂಚಾಯತಿನಲ್ಲಿ ಕೇಳಿ ಅರ್ಜಿ ಕೊಡಿ. ತೋಟದ ಗಡಿಗೆ ಸೋಲಾರ್ ಬೇಲಿ ಹಾಕಿಸಿದರೆ ಎರಡು ಲಾಭ, ಹಂದಿ ಒಳಗೆ ಬರುವುದು ಕಡಿಮೆಯಾಗುತ್ತದೆ, ನಾಯಿ ಹೊರಗೆ ಹೋಗುವುದೂ ಕಡಿಮೆಯಾಗುತ್ತದೆ.

ನಾಯಿ ಹೊರಗೆ ಹೋಗುವುದು ನನಗೆ ಹಂದಿಗಿಂತ ದೊಡ್ಡ ಚಿಂತೆ. ಪಾಯಿಂಟರ್ ಮೂಗಿನ ಹಿಂದೆ ಹೋದರೆ ಒಂದು ಗುಡ್ಡೆ ದಾಟುವುದು ಅದಕ್ಕೆ ಲೆಕ್ಕವೇ ಅಲ್ಲ. ಹಂದಿಗೆಂದು ಕದ್ದು ಇಟ್ಟ ಉರುಳು, ಹಣ್ಣಿನೊಳಗೆ ಅಡಗಿಸಿದ ಸಿಡಿಮದ್ದು ನಾಯಿಗೆ ಗೊತ್ತಾಗುವುದಿಲ್ಲ. 2020ರಲ್ಲಿ ಪಾಲಕ್ಕಾಡಿನಲ್ಲಿ ಬಸುರಿ ಆನೆ ಸತ್ತದ್ದು ಅಂಥದ್ದರಿಂದಲೇ. ಉರುಳಿಗೆ ಸಿಕ್ಕಿದ ನಾಯಿ ಮನೆಗೆ ಬಂದರೆ ತಂತಿಯನ್ನು ನೀವೇ ಎಳೆದು ಕೀಳಬೇಡಿ. ಹೊಟ್ಟೆಗೋ ಕುತ್ತಿಗೆಗೋ ಬಿಗಿದಿದ್ದರೆ ಬಟ್ಟೆ ಸುತ್ತಿ ಹಾಗೆಯೇ ಆಸ್ಪತ್ರೆಗೆ ತನ್ನಿ.

ಹಾವಿನ ಬಗ್ಗೆಯೂ ಎಚ್ಚರ ಬೇಕು. ಮೂಗು ನೆಲಕ್ಕಿಟ್ಟು ಹುಡುಕುವ ನಾಯಿಗೆ ಕಡಿತ ಹೆಚ್ಚಾಗಿ ಮುಖಕ್ಕೇ ಬೀಳುತ್ತದೆ. ಕನ್ನಡಿ ಹಾವು (ಕೊಳಕುಮಂಡಲ), ನಾಗರಹಾವು ಕಚ್ಚಿದರೆ ಔಷಧಿ ಇದೆ, ಬೇಗ ಬರಬೇಕು. ನಮ್ಮ ಗೇರು, ರಬ್ಬರ್ ತೋಟಗಳ ತರಗೆಲೆಯಲ್ಲಿ ಮೂತಿ ಮೇಲಕ್ಕೆ ಮಡಚಿದಂತಿರುವ ಸಣ್ಣ ಮಂಡಲ ಹಾವೂ ಇದೆ. ನಮ್ಮಲ್ಲಿ ಸಿಗುವ ಚುಚ್ಚುಮದ್ದು ಅದರ ವಿಷಕ್ಕೆ ಅಲ್ಲ. ಹಾಗಾಗಿ ಹಾವನ್ನು ಹೊಡೆಯಲು ಹೋಗದೆ, ಸಾಧ್ಯವಾದರೆ ದೂರದಿಂದ ಒಂದು ಫೋಟೋ ತೆಗೆದುಕೊಳ್ಳಿ. ಚಿಕಿತ್ಸೆಗೆ ಬಹಳ ಸಹಾಯ. ಕಡಿದ ಜಾಗ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ.

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ದ್ರಾವಣ) ಸಿಂಪಡಿಸುವ ದಿನ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಮೈಲುತುತ್ತಿನ ಡ್ರಮ್ಮಿನ ನೀರು ಕುಡಿದರೆ ವಾಂತಿ, ಭೇದಿ, ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ಗುಡ್ಡೆಯಿಂದ ಬಂದ ಮೇಲೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ನೋಡಿ. ಉಣ್ಣಿಯಿಂದ ಬರುವ ಜ್ವರದಲ್ಲಿ ವಸಡು ಬಿಳಿಚಿಕೊಂಡು ನಾಯಿ ತಿನ್ನುವುದು ಬಿಡುತ್ತದೆ. ಇದು ಎದೆ ಆಳವಾದ ತಳಿ. ಒಮ್ಮೆಗೇ ಹೊಟ್ಟೆ ತುಂಬ ತಿನ್ನಿಸಿ ಓಡಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳಬಹುದು. ಊಟ ಎರಡು ಹೊತ್ತಿಗೆ ಹಂಚಿ, ಊಟದ ಮೇಲೆ ಒಂದು ಗಂಟೆಯಾದರೂ ವಿಶ್ರಾಂತಿ ಕೊಡಿ. ಹೊಟ್ಟೆ ಉಬ್ಬಿ, ವಾಂತಿ ಮಾಡಲು ಹೋಗಿ ಏನೂ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಕೊಟ್ಟುಬಿಡುವುದಾ ಎಂದು ಕೇಳಿದ್ದೀರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವಯಸ್ಸಾದ ಇಬ್ಬರೇ ಮನೆಯಲ್ಲಿದ್ದು, ದಿನಕ್ಕೆ ಎರಡು ಗಂಟೆ ನಡೆಯಲು ಆಗದಿದ್ದರೆ, ನಡೆಯುವ ಕೂಲಿಯವರೂ ಸಿಗದಿದ್ದರೆ, ಓಡುವ ಹವ್ಯಾಸ ಇರುವ ಮನೆಗೆ ಕೊಡುವುದೇ ನಾಯಿಗೂ ಒಳ್ಳೆಯದು. ಆದರೆ ಕೇಳಿದವರಿಗೆಲ್ಲ ಕೊಡಬೇಡಿ. ಬೇಟೆಗೆ ಬೇಕು ಎಂದು ಮೊದಲೇ ಬಾಯಿಬಿಟ್ಟವರಿಗಂತೂ ಕೊಡಲೇಬೇಡಿ. ಹೋಗಿ ಮನೆ ನೋಡಿ, ಕಾಂಪೌಂಡ್ ಇದೆಯಾ, ಕೋಳಿ ಇದೆಯಾ ವಿಚಾರಿಸಿ. ಕೋಳಿ ಕೊಂದ ವಿಷಯ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಒಂದು ವಾರದಲ್ಲಿ ನಾಯಿ ಬೀದಿಗೆ ಬರುತ್ತದೆ. ಎಂಟು ತಿಂಗಳು ಈ ತಳಿಯ ಅತಿ ಕಷ್ಟದ ವಯಸ್ಸು ಎಂಬುದೂ ನಿಮ್ಮ ಲೆಕ್ಕದಲ್ಲಿರಲಿ. ಎರಡು ವರ್ಷದ ಹೊತ್ತಿಗೆ ಬಹಳಷ್ಟು ಪಾಯಿಂಟರ್‌ಗಳು ತಣ್ಣಗಾಗುತ್ತವೆ. ಮೂರು ತಿಂಗಳು ಹಗ್ಗ ಮತ್ತು ಗರಿಯ ಕೆಲಸ ಮಾಡಿ ನೋಡಿ, ಆಮೇಲೆ ನಿರ್ಧಾರ ಮಾಡಿ ಎಂಬುದು ನನ್ನ ಸಲಹೆ.

ಅಷ್ಟರೊಳಗೆ ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯಾ ಎಂದು ಮಗನ ಹತ್ತಿರ ಕೇಳಿ, ಕಾರ್ಡ್ ತರಿಸಿಕೊಳ್ಳಿ. ಪಂಚಾಯತಿನಲ್ಲಿ ನಾಯಿಯ ಲೈಸೆನ್ಸ್ ಮಾಡಿಸಲು ಅದು ಬೇಕು. ಇಲಿಜ್ವರದ ಲಸಿಕೆ ಬಿಟ್ಟುಹೋಗಿದ್ದರೆ ಮಳೆ ಶುರುವಾಗುವ ಮೊದಲೇ ಹಾಕಿಸಿ. ತೋಡು, ಕಟ್ಟಪುಣಿಯ ನಿಂತ ನೀರಿನಲ್ಲಿ ತಿರುಗುವ ನಾಯಿಗೆ ಅದು ಬಿಡುವಂಥದ್ದಲ್ಲ, ಮತ್ತು ಆ ರೋಗ ನಾಯಿಯಿಂದ ಮನೆಯವರಿಗೂ ಹರಡುತ್ತದೆ.